ಮದುವೆಯಾಗಿ 16 ವರ್ಷ, ಈಗ ಕದ್ದು ಪ್ರೇಮಕಥೆ ಓದುತ್ತಿದ್ದೇನೆ. ನಿಮ್ಮಲ್ಲೂ ಯಾರಾದರೂ ಇದ್ದೀರಾ?

ದಿಂಬಿನಡಿ | ರಾತ್ರಿ 11:52

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಹೆಚ್ಚುಕಮ್ಮಿ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನಗೆ 43 ವರ್ಷ. ಮದುವೆಯಾಗಿ 16 ವರ್ಷ, ಇಬ್ಬರು ಮಕ್ಕಳು. ಗಂಡ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ಯಾರ ಹತ್ತಿರ ಬಾಯಿಬಿಟ್ಟರೂ ಮೊದಲು ಅದನ್ನೇ ಕೇಳುತ್ತಾರೆ. ಕುಡೀತಾರಾ? ಇಲ್ಲ. ಹೊಡೀತಾರಾ? ಇಲ್ಲ. ಮತ್ತೆ ಇನ್ನೇನು ನಿನ್ನ ಗೋಳು?

ಗೋಳು ಇಷ್ಟೇ. ಎಂಟು ತಿಂಗಳಿಂದ ನಾನು ಕದ್ದು ಪ್ರೇಮಕಥೆ ಓದುತ್ತಿದ್ದೇನೆ. ಮೊಬೈಲಿನಲ್ಲಿ ದಿನಕ್ಕೊಂದು ಕಂತು ಬರುತ್ತದೆ. ಎಲ್ಲರೂ ಮಲಗಿದ ಮೇಲೆ ಬೆಳಕು ಪೂರ್ತಿ ಇಳಿಸಿ, ಹೊದಿಕೆ ತಲೆ ತುಂಬ ಎಳೆದುಕೊಂಡು ಓದುತ್ತೇನೆ. ಮುಗಿದ ಮೇಲೆ ಮೊಬೈಲು ದಿಂಬಿನ ಕೆಳಗೆ. ಹೆಸರು ಯಾಕೆ ಹೀಗಿಟ್ಟುಕೊಂಡೆ ಅಂತ ಈಗ ಗೊತ್ತಾಯ್ತಲ್ಲ.

ಮೊನ್ನೆಯ ಕಂತಿನಲ್ಲಿ ಅವಳು ಏನೋ ಬರೆಯುತ್ತಾ ಕೂತಿರುತ್ತಾಳೆ. ಅವನು ಬಂದು ಅವಳ ಕನ್ನಡಕ ತೆಗೆದು, ತನ್ನ ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಅವಳ ಮೂಗಿನ ಮೇಲೆ ಕೂರಿಸುತ್ತಾನೆ. ಮಾತಿಲ್ಲ, ಮುತ್ತಿಲ್ಲ. ಅಷ್ಟಕ್ಕೇ ನನಗೆ ಅಳು ತಡೆಯೋಕಾಗಲಿಲ್ಲ. ನಾನೂ ಕನ್ನಡಕದವಳೇ. ನನ್ನ ಗಾಜಿನ ಮೇಲೆ ಯಾವಾಗಲೂ ಬೆರಳಿನ ಗುರುತು ಇರುತ್ತದೆ. ನನ್ನನ್ನು ಬಿಟ್ಟು ಇನ್ಯಾರಿಗೂ ಅದು ಕಂಡಿಲ್ಲ.

ನನಗೆ ಬೇರೆ ಗಂಡಸು ಬೇಡ. ದೊಡ್ಡ ದೊಡ್ಡ ಉಡುಗೊರೆಯೂ ಬೇಡ. ಏನು ಬೇಕು ಅಂತ ಕೇಳಿದರೆ ಹೇಳೋಕೂ ಬರುವುದಿಲ್ಲ. ಹೆಂಗಸರಿಗೆ ಪ್ರೀತಿ, ಸರಸ ಇವುಗಳ ಮೇಲಿನ ಆಸೆ ವಯಸ್ಸಾದ ಹಾಗೆ ಇಳಿಯುತ್ತದೆ ಅಂತ ಕೇಳಿಕೊಂಡೇ ಬೆಳೆದೆ. ನನ್ನದು ಯಾಕೆ ಏರುತ್ತಿದೆ? ಗಂಡಸರೂ ಉತ್ತರ ಬರೆಯಬಹುದು. ಉಪದೇಶ ಮಾತ್ರ ಬೇಡ.


ಗುಬ್ಬಚ್ಚಿ | ರಾತ್ರಿ 12:03

ಅಕ್ಕ, ಕನ್ನಡಕದ ಜಾಗ ಓದುವಾಗ ನನಗೂ ಗಂಟಲು ಕಟ್ಟಿತು. ಕಥೆಯ ಹೆಸರು ಕೇಳೋಣ ಅಂದುಕೊಂಡೆ, ನಾಚಿಕೆ ಆಯ್ತು. ನೋಡಿ, ನಾವು ಹೀಗಿದ್ದೇವೆ.


ನೇರಮಾತು | ಬೆಳಗ್ಗೆ 6:20

ಬೇಜಾರು ಮಾಡಿಕೊಳ್ಳಬೇಡಿ. ಕಥೆಯ ನಾಯಕನಿಗೆ ಸಾಲದ ಕಂತಿಲ್ಲ, ಬೆನ್ನುನೋವಿಲ್ಲ, ಬೆಳಗ್ಗೆ ಬೇಗ ಏಳಬೇಕಿಲ್ಲ. ಕನ್ನಡಕ ಒರೆಸೋಕೆ ಅವನಿಗೆ ಪುರುಸೊತ್ತಿದೆ. ದುಡಿದು ಹಣ್ಣಾಗಿ ಬಂದ ಗಂಡನನ್ನು ಅವನ ಪಕ್ಕ ನಿಲ್ಲಿಸಿದರೆ ಯಾರು ಗೆಲ್ಲುತ್ತಾರೆ? ಇಂಥ ಕಥೆಗಳೇ ಮನಸ್ಸು ಕೆಡಿಸೋದು.


ಬಿಸಿಲುಕೋಲು | ಬೆಳಗ್ಗೆ 7:05

@ನೇರಮಾತು ಕನ್ನಡಕ ಒರೆಸೋಕೆ ಹತ್ತು ಸೆಕೆಂಡು ಸಾಕು ಸಾರ್. ಬೆನ್ನುನೋವಿದ್ದವರೂ ಒರೆಸಬಹುದು.

ಕಥೆ ಓದಿ ಮನಸ್ಸು ಕೆಡುತ್ತದೆ ಅನ್ನೋದು ಹಳೇ ರಾಗ. ಜ್ಯಾನಿಸ್ ರ್ಯಾಡ್ವೇ ಅನ್ನೋ ಅಮೆರಿಕದ ಸಂಶೋಧಕಿ ಪ್ರೇಮಕಾದಂಬರಿ ಓದುವ 42 ಹೆಂಗಸರನ್ನು ವಿಚಾರಿಸಿ 1984ರಲ್ಲಿ ಪುಸ್ತಕ ಬರೆದರು. ಕಥೆಯೊಳಗೆ ಏನಿದೆ ಅಂತ ಕೇಳೋಕೆ ಹೋದವರಿಗೆ ಆ ಹೆಂಗಸರು ಹೇಳಿದ್ದು ಬೇರೆ. ಪುಸ್ತಕ ಹಿಡಿದು ಕೂತಷ್ಟು ಹೊತ್ತು ನನ್ನನ್ನು ಯಾರೂ ಕರೆಯುವ ಹಾಗಿಲ್ಲ, ಅದು ನನ್ನ ಹೊತ್ತು ಅಂದರಂತೆ. ಇಡೀ ದಿನ ಎಲ್ಲರನ್ನೂ ನೋಡಿಕೊಳ್ಳೋದು ಅವರು. ಅವರನ್ನು ನೋಡಿಕೊಳ್ಳೋಕೆ ಯಾರೂ ಇಲ್ಲ. ಕಥೆಯಲ್ಲಿ ಒಬ್ಬ ಇದ್ದಾನೆ, ಅಷ್ಟೇ. ಒರಟು ನಾಯಕ ಅವರಿಗೂ ಬೇಡವಾಗಿದ್ದ, ಕಾಳಜಿ ಇರುವವನು ಬೇಕಾಗಿದ್ದ.

ದಿಂಬಿನಡಿ ಅವರೇ, ನಿಮ್ಮ ಹೊದಿಕೆಯೊಳಗಿನ ಅರ್ಧ ಗಂಟೆ ಅದೇ ಅಲ್ವಾ?


ದಿಂಬಿನಡಿ | ಬೆಳಗ್ಗೆ 7:31

ಹೂಂ. ಅದೇ. ಆದರೆ ಅಷ್ಟೇ ಅಲ್ಲ ಅಂತಲೂ ಅನ್ನಿಸುತ್ತದೆ. ಬರೀ ಪುರುಸೊತ್ತು ಬೇಕಿದ್ದರೆ ಅಡುಗೆಯದೋ ಪ್ರವಾಸದ್ದೋ ಓದಬಹುದಿತ್ತು.


ಲೆಕ್ಕದಮೇಷ್ಟ್ರು | ಬೆಳಗ್ಗೆ 9:14

"ಹೆಂಗಸರಿಗೆ ರೊಮ್ಯಾನ್ಸ್ ಹುಚ್ಚು, ಗಂಡಸರು ಪ್ರಾಕ್ಟಿಕಲ್" ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ತೆಗೆದು ನೋಡಿದರೆ ಉಲ್ಟಾ.

1967ರಲ್ಲಿ ವಿಲಿಯಂ ಕೆಫಾರ್ಟ್ ಅನ್ನೋ ಸಮಾಜಶಾಸ್ತ್ರಜ್ಞ ಅಮೆರಿಕದ ಕಾಲೇಜು ಹುಡುಗ ಹುಡುಗಿಯರಿಗೆ ಒಂದು ಪ್ರಶ್ನೆ ಕೇಳಿದ್ದರು. ನಿಮಗೆ ಬೇಕಾದ ಎಲ್ಲಾ ಗುಣಗಳೂ ಇರುವ ವ್ಯಕ್ತಿ, ಆದರೆ ಅವರ ಮೇಲೆ ನಿಮಗೆ ಪ್ರೀತಿ ಇಲ್ಲ. ಮದುವೆಯಾಗುತ್ತೀರಾ? ಹುಡುಗರಲ್ಲಿ ಸುಮಾರು 65 ಶೇಕಡಾ ಖಡಾಖಂಡಿತ ಇಲ್ಲ ಅಂದರು. ಹುಡುಗಿಯರಲ್ಲಿ ಇಲ್ಲ ಅಂದವರು 24 ಶೇಕಡಾ ಮಾತ್ರ.

ನನಗೆ ಹಿಡಿಸಿದ್ದು ಇದರ ಮುಂದಿನ ವಿಷಯ. ಉಳಿದ ಹುಡುಗಿಯರೆಲ್ಲ ಆಗ್ತೀವಿ ಅನ್ನಲಿಲ್ಲ. ಬಹುಪಾಲು ಜನ "ಹೇಳೋಕಾಗಲ್ಲ" ಅಂದರು. ಆ ಕಾಲಕ್ಕೆ ಗಂಡನ ಸಂಬಳವೇ ಅವರ ಬದುಕು. ಪ್ರೀತಿ ಇಲ್ಲ ಅಂತ ಬಾಗಿಲು ಹಾಕಿಕೊಳ್ಳೋಕೆ ಧೈರ್ಯ ಎಲ್ಲಿಂದ ಬರಬೇಕು?

1984ರಲ್ಲಿ ಅದೇ ಪ್ರಶ್ನೆಯನ್ನು ಇನ್ನೊಂದು ತಂಡ ಕೇಳಿತು. ಹುಡುಗರು, ಹುಡುಗಿಯರು ಇಬ್ಬರಲ್ಲೂ 80 ಶೇಕಡಾಕ್ಕಿಂತ ಜಾಸ್ತಿ ಜನ ಇಲ್ಲ ಅಂದರು. 17 ವರ್ಷದಲ್ಲಿ ಹೆಂಗಸರ ಮನಸ್ಸೇ ಬದಲಾಯ್ತಾ? ನನಗೆ ಹಾಗನ್ನಿಸೋದಿಲ್ಲ. ಅಷ್ಟರಲ್ಲಿ ಅವರು ಸ್ವಂತ ದುಡಿಮೆ ಶುರು ಮಾಡಿದ್ದರು. ಆಸೆ ಮೊದಲಿಂದ ಇತ್ತು. ಅದನ್ನು ಬಾಯಿಬಿಟ್ಟು ಹೇಳೋ ಅನುಕೂಲ ಆಮೇಲೆ ಬಂತು.


ನೇರಮಾತು | ಬೆಳಗ್ಗೆ 9:40

ಒಂದು ದೇಶದ ಕಾಲೇಜು ಮಕ್ಕಳ ಮಾತು ಹಿಡಿದು ಪ್ರಪಂಚಕ್ಕೆಲ್ಲ ತೀರ್ಪು ಕೊಡೋದಾ ಮೇಷ್ಟ್ರೇ?


ಲೆಕ್ಕದಮೇಷ್ಟ್ರು | ಬೆಳಗ್ಗೆ 9:52

ಒಪ್ಪಿದೆ, ಪ್ರಪಂಚಕ್ಕೆಲ್ಲ ಹೊಂದೋದಿಲ್ಲ. ಆದರೂ "ಹೇಳೋಕಾಗಲ್ಲ" ಅಂದ ಹುಡುಗಿಯರನ್ನು ನೀವು ನಿಮ್ಮ ಸುತ್ತಮುತ್ತ ನೋಡಿಲ್ಲವಾ? ನಾನು ಬೇಕಾದಷ್ಟು ನೋಡಿದ್ದೇನೆ. ನನ್ನ ಸ್ವಂತ ಅಕ್ಕ ಅವರಲ್ಲಿ ಒಬ್ಬಳು.

ಇನ್ನೊಂದು ತಮಾಷೆ ಹೇಳುತ್ತೇನೆ. ನಾನು ನಿನ್ನನ್ನು ಪ್ರೀತಿಸ್ತೀನಿ ಅಂತ ಮೊದಲು ಹೇಳೋದು ಯಾರು? 2011ರಲ್ಲಿ ಅಮೆರಿಕದಲ್ಲೇ ಇದನ್ನು ಕೇಳಿದ್ದರು. ಹೆಚ್ಚಿನವರ ಊಹೆ ಹೆಂಗಸರು ಅಂತ. ಜೋಡಿಗಳನ್ನೇ ಕೇಳಿದಾಗ ಹೆಚ್ಚಿನ ಕಡೆ ಮೊದಲು ಹೇಳಿದ್ದು ಗಂಡಸು. ಹಾಗಾಗಿ ನಾವು ಗಂಡಸರು ಗಟ್ಟಿ ಕಲ್ಲು ಅಂತ ಮೀಸೆ ತಿರುವೋದು ಬೇಡ.


ಎರಡನೇಪಾಳಿ | ಮಧ್ಯಾಹ್ನ 1:18

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ನನ್ನ ಕಥೆ ದಿಂಬಿನಡಿ ಅಕ್ಕನಿಗೆ ಪೂರ್ತಿ ತಿರುಗುಮುರುಗು. ನನ್ನ ಗಂಡನಿಗೆ ಸರಸ ಬೇಕು, ನನಗೆ ಬೇಡ. ಅವರು ಹೆಗಲ ಮೇಲೆ ಕೈ ಇಟ್ಟರೆ ನನ್ನ ತಲೆಯಲ್ಲಿ ಓಡೋದು, ನಾಳೆ ಮಗನ ಸಮವಸ್ತ್ರ ಒಗೆದಿಲ್ಲ ಅಂತ. "ನಿನಗೆ ಆಸೇನೇ ಇಲ್ಲ" ಅಂತಾರೆ.

ಆರ್ಲಿ ಹಾಕ್‌ಶೀಲ್ಡ್ ಅನ್ನೋ ಸಮಾಜಶಾಸ್ತ್ರಜ್ಞೆ 1989ರಲ್ಲೇ ಇದಕ್ಕೆ ಎರಡನೇ ಪಾಳಿ ಅಂತ ಹೆಸರಿಟ್ಟರು. ಹೊರಗಿನ ಕೆಲಸ ಮೊದಲ ಪಾಳಿ, ಮನೆಗೆ ಬಂದ ಮೇಲೆ ಇನ್ನೊಂದು. ಅವರು ಲೆಕ್ಕ ಹಾಕಿದ ಪ್ರಕಾರ ಆಗಿನ ಅಮೆರಿಕದ ಹೆಂಗಸರು ಗಂಡಸರಿಗಿಂತ ವಾರಕ್ಕೆ ಸುಮಾರು 15 ಗಂಟೆ ಜಾಸ್ತಿ ದುಡಿಯುತ್ತಿದ್ದರು. ವರ್ಷಕ್ಕೆ ಹತ್ತಿರ ಹತ್ತಿರ ಒಂದು ತಿಂಗಳು, ಅದೂ ಹಗಲು ರಾತ್ರಿ ಸೇರಿಸಿ. ಆ ಒಂದು ತಿಂಗಳು ನನಗೆ ಕೊಡಿ. ಆಮೇಲೆ ಆಸೆ ಇದೆಯೋ ಇಲ್ಲವೋ ನೋಡೋಣ.

ಕಳೆದ ತಿಂಗಳು ಮಕ್ಕಳು ಅಜ್ಜಿ ಮನೆಗೆ ಹೋಗಿದ್ದರು. ಎರಡನೇ ದಿನ ಸಂಜೆ ನಾನೇ ಹೋಗಿ ಅವರ ಪಕ್ಕ ಕೂತೆ. ಅವರು ಗಾಬರಿಯಾಗಿ ಹುಷಾರಿಲ್ವಾ ಅಂತ ಹಣೆ ಮುಟ್ಟಿ ನೋಡಿದರು.


ಗುಬ್ಬಚ್ಚಿ | ಮಧ್ಯಾಹ್ನ 1:25

ಹಣೆ ಮುಟ್ಟಿ ನೋಡಿದರು 😂😂


ಸೂಜಿಮೊನೆ | ಮಧ್ಯಾಹ್ನ 3:47

ನಾನು ನರ್ಸ್. ಹೆಂಗಸರ ವಿಭಾಗದಲ್ಲಿ 11 ವರ್ಷದಿಂದ ಇದ್ದೇನೆ. ಈ ಎರಡೂ ಕಥೆಗಳನ್ನು ದಿನಾ ಕೇಳುತ್ತೇನೆ. ಎರಡು ಮಾತು.

ಎರಡನೇಪಾಳಿ ಅವರಿಗೆ: ಆಸೆ ಮೊದಲು, ಹತ್ತಿರವಾಗೋದು ಆಮೇಲೆ ಅಂತ ನಾವೆಲ್ಲ ತಿಳಿದುಕೊಂಡಿದ್ದೇವೆ. ರೋಸ್ಮರಿ ಬ್ಯಾಸನ್ ಅನ್ನೋ ಕೆನಡಾದ ವೈದ್ಯೆ 2000ದಲ್ಲಿ ಬೇರೆ ಚಿತ್ರ ಕೊಟ್ಟರು. ಅದರಲ್ಲೂ ತುಂಬಾ ವರ್ಷ ಜೊತೆಗಿರುವ ಅನೇಕ ಹೆಂಗಸರಲ್ಲಿ ಆಸೆ ಮೊದಲೇ ಬಂದು ಬಾಗಿಲು ತಟ್ಟೋದಿಲ್ಲ. ಮಾತು, ನಗು, ಮುಟ್ಟೋದು, ನೆಮ್ಮದಿ ಇವು ಶುರುವಾದ ಮೇಲೆ ನಿಧಾನಕ್ಕೆ ಎದ್ದು ಬರುತ್ತದೆ. ಅದು ಕಾಯಿಲೆಯಲ್ಲ. ಅದರ ದಾರಿಯೇ ಹಾಗೆ. ಇದನ್ನು ಹಿಡಿದುಕೊಂಡು ಮನಸ್ಸಿಲ್ಲದವಳನ್ನು ಒತ್ತಾಯ ಮಾಡಬಹುದು ಅಂತ ಯಾವ ಗಂಡಸೂ ಅರ್ಥ ಮಾಡಿಕೊಳ್ಳಬಾರದು. ನೆಮ್ಮದಿ ಇಲ್ಲದ ಕಡೆ ಅದು ಏಳೋದೇ ಇಲ್ಲ.

ಎಲ್ಲರಿಗೂ: ದಿಢೀರ್ ಅಂತ ಆಸೆ ಪೂರ್ತಿ ಹೋದರೆ ಮನಸ್ಸನ್ನೇ ದೂರಬೇಡಿ, ಮೈಯನ್ನೂ ವಿಚಾರಿಸಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಆಸೆ ಇಳಿಸುತ್ತವೆ. ಮಗುವಿಗೆ ಹಾಲೂಡಿಸುವಾಗಲೂ ಹಾಗಾಗುತ್ತದೆ. ಥೈರಾಯ್ಡ್ ಕೂಡ ಕಾರಣ ಇರಬಹುದು. ಮುಟ್ಟು ನಿಲ್ಲುವ ಸಮಯದಲ್ಲಿ ಈಸ್ಟ್ರೋಜನ್ ಅನ್ನೋ ಹಾರ್ಮೋನು ಇಳಿದು ಯೋನಿ ಒಣಗುತ್ತದೆ, ಸೇರುವಾಗ ನೋವಾಗುತ್ತದೆ. ನೋವಾಗುತ್ತದೆ ಅಂತ ಹೆಂಗಸರು ದೂರ ಹೋಗುತ್ತಾರೆ, ಗಂಡ ಅದನ್ನು ಪ್ರೀತಿ ಹೋಯ್ತು ಅಂತ ಓದಿಕೊಳ್ಳುತ್ತಾನೆ. ಇದಕ್ಕೆ ಚಿಕಿತ್ಸೆ ಇದೆ. ನೋವು ಇದೆ ಅಂತ ಒಂದು ವಾಕ್ಯ ಹೇಳೋಕೆ ಆರು ವರ್ಷ ತಗೊಂಡ ಹೆಂಗಸನ್ನು ನಾನು ನೋಡಿದ್ದೇನೆ. ಮಾತ್ರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.


ಅಳಿಲು | ಸಂಜೆ 5:30

ಗಂಡಸು, 35. ನಿಜವಾಗಿಯೂ ಗೊತ್ತಿಲ್ಲದೇ ಕೇಳುತ್ತಿದ್ದೇನೆ, ಹೊಡೆಯಬೇಡಿ. ಹೋದ ವಾರ ಹೂವಿನ ಗುಚ್ಛ ತಗೊಂಡು ಹೋದೆ. "ಏನು ತಪ್ಪು ಮಾಡಿಕೊಂಡು ಬಂದಿದ್ದೀರಿ?" ಅಂತ ಕೇಳಿದಳು. ತರದಿದ್ದರೆ ಕಲ್ಲು ಹೃದಯ, ತಂದರೆ ಅನುಮಾನ. ಏನು ಬೇಕು ಅಂತ ನೇರವಾಗಿ ಹೇಳಿದರೆ ನಾವು ಮಾಡೋದಿಲ್ಲ ಅಂದಿದ್ದೇವಾ? ಮನಸ್ಸು ಓದೋಕೆ ನಮಗೆ ಬರೋದಿಲ್ಲ.


ಬಿಸಿಲುಕೋಲು | ಸಂಜೆ 5:58

@ಅಳಿಲು ಅದೇ ತೊಡಕು. ಹೇಳಿ ಮಾಡಿಸಿಕೊಂಡರೆ ಅದು ಕೆಲಸ. ಹೇಳದೇ ಮಾಡಿದರೆ ಅದು ರೊಮ್ಯಾನ್ಸ್.


ಅಳಿಲು | ಸಂಜೆ 6:02

ಇದು ಅನ್ಯಾಯ.


ಬಿಸಿಲುಕೋಲು | ಸಂಜೆ 6:15

ಅನ್ಯಾಯವೇ. ನಾನು ಇಲ್ಲ ಅಂದೆನಾ? ನನ್ನ ಯಜಮಾನರ ಹುಟ್ಟಿದ ದಿನ ನಾನೂ ಪ್ರತಿ ಸಲ ಮರೆಯುತ್ತೇನೆ.

ಆದರೆ ಮನಸ್ಸು ಓದಬೇಕಾಗಿಲ್ಲ. ತಿರುಗಿ ನೋಡಿದರೆ ಸಾಕು. ಜಾನ್ ಗಾಟ್ಮನ್ ಅನ್ನೋ ಮನಶ್ಶಾಸ್ತ್ರಜ್ಞ ಹೊಸದಾಗಿ ಮದುವೆಯಾದ ಜೋಡಿಗಳನ್ನು ಗಮನಿಸಿದ್ದರು. "ಅಲ್ಲಿ ನೋಡು, ಎಷ್ಟು ಚೆನ್ನಾಗಿದೆ ಹಕ್ಕಿ" ಅಂತ ಒಬ್ಬರು ಅಂದಾಗ ಇನ್ನೊಬ್ಬರು ಏನು ಮಾಡುತ್ತಾರೆ? ತಲೆ ಎತ್ತುತ್ತಾರಾ, ಇಲ್ಲವಾ? ಆರು ವರ್ಷದ ನಂತರ ವಿಚಾರಿಸಿದರೆ, ಜೊತೆಗೇ ಉಳಿದವರು ಇಂಥ ಸಣ್ಣ ಕರೆಗೆ 100ರಲ್ಲಿ 86 ಸಲ ತಿರುಗಿದ್ದರು. ಬೇರೆಯಾದವರು 33 ಸಲ. ನಮಗೆ ಬೇಕಾಗಿರೋದು ಆ ಹಕ್ಕಿ ಅಲ್ಲ ಮಾರಾಯ. ನೀನು ತಲೆ ಎತ್ತೋದು.

ಹೂವಿಗೆ ಅನುಮಾನ ಯಾಕೆ ಬಂತು ಗೊತ್ತಾ? ವರ್ಷಕ್ಕೊಂದು ಸಲ ತಂದಿದ್ದಕ್ಕೆ.


ಸೂಜಿಮೊನೆ | ಸಂಜೆ 6:40

ಅಳಿಲು ಅವರೇ, ಇವತ್ತೇ ಮಾಡಬಹುದಾದ್ದು ಒಂದು ಹೇಳುತ್ತೇನೆ. ನಿಮ್ಮವರು ಏನಾದರೂ ಸಂತೋಷದ ಸುದ್ದಿ ಹೇಳಿದಾಗ ನೀವು ಏನು ಮಾಡುತ್ತೀರಿ ಅಂತ ಗಮನಿಸಿ. ಶೆಲ್ಲಿ ಗೇಬಲ್ ಅನ್ನೋ ಮನಶ್ಶಾಸ್ತ್ರಜ್ಞೆಯ ತಂಡ ಇದನ್ನೇ ಅಧ್ಯಯನ ಮಾಡಿತ್ತು. ಕಷ್ಟದಲ್ಲಿ ಜೊತೆ ನಿಲ್ಲೋದರಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಸಂತೋಷಕ್ಕೆ ಜೊತೆಯಾಗೋದು ಸಂಬಂಧಕ್ಕೆ ಮುಖ್ಯ ಅಂತ ಕಂಡುಕೊಂಡರು. "ಹೌದಾ, ಒಳ್ಳೇದು" ಅಂತ ಮೊಬೈಲಿಗೆ ಮರಳೋದು ಒಂದು. "ಏನಂದ್ರು ಅವರು? ನೀನೇನು ಹೇಳಿದೆ?" ಅಂತ ಎರಡು ಪ್ರಶ್ನೆ ಕೇಳೋದು ಇನ್ನೊಂದು. ಎರಡು ಪ್ರಶ್ನೆ. ಖರ್ಚಿಲ್ಲ.


ಅಳಿಲು | ಸಂಜೆ 6:44

ಬರೆದುಕೊಂಡೆ. (ನಗಬೇಡಿ. ನಿಜವಾಗಿಯೂ ಬರೆದುಕೊಂಡೆ.)


ಹೂವಿಲ್ಲದಬಳ್ಳಿ | ರಾತ್ರಿ 8:10

ನನಗೆ 27. ನನಗೆ ಪ್ರೇಮದಲ್ಲಿ ಆಸಕ್ತಿ ಇಲ್ಲ. ಯಾರ ಮೇಲೂ ಹಾಗೆ ಮನಸ್ಸಾಗಿಲ್ಲ. ಕಾಲೇಜಿನಲ್ಲಿ ಗೆಳತಿಯರು ಹುಡುಗರ ಬಗ್ಗೆ ಮಾತಾಡುವಾಗ ನಾನೂ ಒಂದು ಹೆಸರು ಹೇಳುತ್ತಿದ್ದೆ, ಸುಮ್ನೆ, ಗುಂಪಿನಿಂದ ಹೊರಗೆ ಬೀಳಬಾರದು ಅಂತ. ಏರೋಮ್ಯಾಂಟಿಕ್ ಅನ್ನೋ ಪದ ಸಿಕ್ಕ ದಿನ ಚೆನ್ನಾಗಿ ನಿದ್ದೆ ಬಂತು.

ಇಲ್ಲಿ ಯಾಕೆ ಬರೆದೆ ಅಂದರೆ, "ಹೆಂಗಸರು ಅಂದಮೇಲೆ ಇದು ಇದ್ದೇ ಇರುತ್ತದೆ" ಅನ್ನೋ ಧಾಟಿ ಮೇಲಿನ ಕೆಲವು ಮಾತುಗಳಲ್ಲಿದೆ. ಎಲ್ಲರಿಗೂ ಇರೋದಿಲ್ಲ. ನನ್ನ ಎದೆಯಲ್ಲಿ ಗಾಯವಿಲ್ಲ, ಕೆಟ್ಟ ಅನುಭವವೂ ಇಲ್ಲ. ಗೆಳತಿಯರಿದ್ದಾರೆ, ಅಣ್ಣನ ಮಗಳಿದ್ದಾಳೆ, ಅವಳ ಮೇಲೆ ಪ್ರಾಣ. ದಿಂಬಿನಡಿ ಅಕ್ಕನಿಗೆ "ಯಾಕೆ ಬೇಕು" ಅಂತ ಕೇಳುವವರೇ ನನಗೆ "ಯಾಕೆ ಬೇಡ" ಅಂತ ಕೇಳುತ್ತಾರೆ. ನಮ್ಮಿಬ್ಬರಿಗೂ ತಲೆನೋವು ಒಬ್ಬರೇ.


ದಿಂಬಿನಡಿ | ರಾತ್ರಿ 8:26

ಬಳ್ಳಿ, ನಿನ್ನ ಕೊನೆ ಮಾತಿಗೆ ಜೋರಾಗಿ ನಕ್ಕೆ. ಮಗಳು ಬಂದು ಏನಮ್ಮ ಅಂದಳು.


ನಿರ್ವಾಹಕರು | ರಾತ್ರಿ 9:00

ಈ ಚರ್ಚೆಗೆ ಬರೆದ ಇಬ್ಬರು ಮಹಿಳೆಯರಿಗೆ ಖಾಸಗಿ ಸಂದೇಶ ಕಳಿಸಿ "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಅಂತ ಶುರು ಮಾಡಿದ ಒಂದು ಖಾತೆಯನ್ನು ತೆಗೆದುಹಾಕಿದ್ದೇವೆ. ಇಬ್ಬರಿಗೂ ಕಳಿಸಿದ್ದು ಅಕ್ಷರ ಬಿಡದೆ ಒಂದೇ ಸಂದೇಶ.


ಪೆಟ್ಟುತಿಂದವಳು | ರಾತ್ರಿ 9:22

ನಿರ್ವಾಹಕರಿಗೆ ಧನ್ಯವಾದ. ನನಗೂ ಹಾಗೇ ಶುರುವಾಗಿತ್ತು.

ಬೆಳಗ್ಗೆ ಎದ್ದ ತಕ್ಷಣ ಸಂದೇಶ, ಮಲಗುವಾಗ ಸಂದೇಶ. ನಾನು ಹೇಳಿದ್ದೆಲ್ಲ ನೆನಪಿಟ್ಟುಕೊಳ್ಳುತ್ತಿದ್ದ. ವಿಡಿಯೋ ಕರೆ ಅಂದರೆ ಮಾತ್ರ ಕ್ಯಾಮೆರಾ ಹಾಳಾಗಿದೆ. ಎರಡು ಸಲ ಭೇಟಿ ಗೊತ್ತಾಯ್ತು, ಎರಡು ಸಲವೂ ಕೊನೇ ಗಳಿಗೆಯಲ್ಲಿ ಅಪಘಾತ, ಆಸ್ಪತ್ರೆ. ಆಮೇಲೆ ದುಡ್ಡು. ಕೇಳಲಿಲ್ಲ, ನಾನೇ ಕೊಡುವ ಹಾಗೆ ಮಾತಾಡಿದ.

ಪೆದ್ದಿ ಅಂತ ಎಲ್ಲರೂ ಅಂದರು. ನಾನು ಪೆದ್ದಿ ಅಲ್ಲ, ಲೆಕ್ಕಪತ್ರ ನೋಡುವ ಕೆಲಸ ನನ್ನದು. ಅವನು ಸುಳ್ಳ ಅಂತ ಒಳಗೆ ಎಲ್ಲೋ ಅನ್ನಿಸುತ್ತಿತ್ತು. ಆದರೆ ಇವತ್ತು ತಲೆನೋವು ಕಡಿಮೆ ಆಯ್ತಾ ಅಂತ ಕೇಳುವವನು ಅವನೊಬ್ಬನೇ ಇದ್ದ. ಅದಕ್ಕೆ ದುಡ್ಡು ಕೊಟ್ಟೆ ಅಂತ ಇಟ್ಟುಕೊಳ್ಳಿ. ಕಣ್ಣಾರೆ ನೋಡದವರಿಗೆ ದುಡ್ಡು ಕಳಿಸಬೇಡಿ. ಅನುಮಾನ ಬಂದರೆ ಒಬ್ಬರಿಗಾದರೂ ಹೇಳಿ. ನಾನು ಯಾರಿಗೂ ಹೇಳಲಿಲ್ಲ, ಅದರಿಂದಲೇ ಅಷ್ಟು ದೂರ ಹೋಯ್ತು.


ನೇರಮಾತು | ರಾತ್ರಿ 9:50

ಇದನ್ನು ಓದಿ ಸಂಕಟವಾಯ್ತು. ಬೆಳಗ್ಗೆ ಬರೆದದ್ದು ಸ್ವಲ್ಪ ಜಾಸ್ತಿಯೇ ಆಯ್ತೇನೋ. ಆದರೂ ಕೇಳುತ್ತೇನೆ. 16 ವರ್ಷದ ಮೇಲೆ ಮೊದಲಿನ ಹಾಗೆ ಪುಳಕ ಉಳಿಯೋಕೆ ಸಾಧ್ಯವಾ? ಅದು ಪ್ರಕೃತಿ ಅಲ್ವಾ?


ಲೆಕ್ಕದಮೇಷ್ಟ್ರು | ರಾತ್ರಿ 10:05

ಇದಕ್ಕೂ ಲೆಕ್ಕ ಇದೆ, ತಡೆದುಕೊಳ್ಳಿ.

2005ರಲ್ಲಿ ಆರ್ಥರ್ ಆರನ್, ಹೆಲೆನ್ ಫಿಶರ್ ಅನ್ನೋ ಸಂಶೋಧಕರು ಮತ್ತು ಅವರ ಜೊತೆಯವರು ಹೊಸದಾಗಿ ಪ್ರೀತಿಯಲ್ಲಿ ಬಿದ್ದ 17 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಪ್ರೀತಿಸಿದವರ ಫೋಟೋ ತೋರಿಸಿದರು. ಮಿದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ತಯಾರಾಗುವ ಜಾಗ ಚುರುಕಾಯಿತು. ಬೇಕು ಬೇಕು ಅನ್ನಿಸುವ ಜಾಗ ಅದು. ಕೆಲವು ವರ್ಷ ಬಿಟ್ಟು ಅದೇ ಬಳಗದವರು ಇನ್ನೂ 17 ಜನರನ್ನು ಮಲಗಿಸಿದರು. ಇವರು ಮದುವೆಯಾಗಿ ಸರಾಸರಿ 21 ವರ್ಷ ಆದವರು, ಈಗಲೂ ಗಾಢವಾಗಿ ಪ್ರೀತಿಸುತ್ತೇವೆ ಅಂತ ಹೇಳಿಕೊಂಡವರು. ಅದೇ ಜಾಗ ಇವರಲ್ಲೂ ಚುರುಕಾಯಿತು. ಎಲ್ಲ ದಂಪತಿಗಳೂ ಹಾಗಿರುತ್ತಾರೆ ಅಂತ ಇದರ ಅರ್ಥವಲ್ಲ, ಆರಿಸಿ ತಂದವರು ಅವರು. ಆದರೆ ಸಾಧ್ಯವೇ ಇಲ್ಲ ಅನ್ನೋ ಹಾಗಿಲ್ಲ.

ಅದೇ ಆರನ್ ಇನ್ನೊಂದು ಕೆಲಸ ಮಾಡಿದ್ದರು, 2000ದಲ್ಲಿ. ದಂಪತಿಗಳ ಕೈಕಾಲು ಒಟ್ಟಿಗೆ ಕಟ್ಟಿ, ತಲೆ ಅಥವಾ ಮೈ ನಡುವೆ ಒಂದು ದಿಂಬು ಒತ್ತಿಹಿಡಿಸಿ, ಕೈ ಮುಟ್ಟದೆ ಅಂಬೆಗಾಲಿನಲ್ಲಿ ಅಡೆತಡೆ ದಾಟಿಸಿದರು. ಹೊಸದೇನನ್ನೋ ಒಟ್ಟಿಗೆ ಮಾಡಿದ ಜೋಡಿಗಳಿಗೆ ಸಂಬಂಧ ಮೊದಲಿಗಿಂತ ಚೆನ್ನಾಗಿದೆ ಅನ್ನಿಸಿತಂತೆ. ದಿಂಬಿನಡಿ ಅವರೇ, ನಿಮ್ಮ ಹೆಸರಿಗೂ ದಿಂಬಿಗೂ ಅಂತೂ ಸಂಬಂಧ ಸಿಕ್ಕಿತು.


ಕೊಡೆಹಿಡಿದವಳು | ರಾತ್ರಿ 11:15

ಮಕ್ಕಳೇ, ನನಗೆ 61. ಟೈಪು ಮಾಡೋದು ನಿಧಾನ. ಹೇಳಿ ಮಾಡಿಸಿದರೆ ರೊಮ್ಯಾನ್ಸ್ ಅಲ್ಲ ಅಂದ ಬಿಸಿಲುಕೋಲಿಗೆ ಒಂದು ಮಾತು ಹೇಳೋಣ ಅಂತ ಬಂದೆ.

ನನ್ನ ಮನೆಯವರು ಮಾತು ಕಮ್ಮಿಯ ಮನುಷ್ಯ. ಹತ್ತು ಹನ್ನೆರಡು ವರ್ಷ ನಾನೂ ನಿಮ್ಮ ಹಾಗೆ ಕಾದೆ. ತಾವಾಗಿಯೇ ತಿಳಿದುಕೊಳ್ಳಲಿ ಅಂತ. ತಿಳಿದುಕೊಳ್ಳಲಿಲ್ಲ. ಒಂದು ದಿನ ಸಿಟ್ಟು ತಲೆಗೇರಿ, ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂದುಗಡೆ ಪಟ್ಟಿ ಬರೆದು ಅವರ ಮುಂದೆ ಇಟ್ಟೆ. ನಾನು ಮಾತಾಡುವಾಗ ಪೇಪರು ಇಳಿಸಬೇಕು. ಹೊರಡುವಾಗ ಒಂದು ಸಲ ತಿರುಗಿ ನೋಡಬೇಕು. ಮಳೆ ಬಂದರೆ ಬಸ್ಸು ಇಳಿಯೋ ಕಡೆ ಕೊಡೆ ಹಿಡಿದು ಬರಬೇಕು. ಹೀಗೆ ಆರು ಸಾಲು. ಅವರು ಓದಿ, ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಏನೂ ಅನ್ನಲಿಲ್ಲ.

ಮರುದಿನದಿಂದ ಶುರು. ಪೇಪರು ಇಳಿಸಿದರು. ಗೇಟಿನ ಹತ್ತಿರ ತಿರುಗಿ ನೋಡಿದರು, ಡ್ರಿಲ್ ಮಾಡೋ ಪೊಲೀಸಿನ ಹಾಗೆ. ನನಗೆ ಮೈಯೆಲ್ಲ ಉರಿಯಿತು. ಇದೇನು ಹಾಜರಿ ಹಾಕಿಸೋ ಹಾಗೆ ಅಂತ. ಆರೇಳು ತಿಂಗಳು ಹಾಗೇ ನಡೆಯಿತು.

ಆಮೇಲೆ ಒಂದು ಸಂಜೆ ಬಸ್ಸು ಇಳಿದರೆ ಕೊಡೆ ಹಿಡಿದು ನಿಂತಿದ್ದಾರೆ. ಮಳೆ ಇಲ್ಲ. ಮೋಡವೂ ಇಲ್ಲ. ಯಾಕೆ ಬಂದ್ರಿ ಅಂದೆ. "ಬಂದರೂ ಬರಬಹುದು ಅನ್ನಿಸಿತು" ಅಂದರು. ಅದು ಪಟ್ಟಿಯಲ್ಲಿ ಇರಲಿಲ್ಲಮ್ಮ. ಪಟ್ಟಿ ಕೊಡದಿದ್ದರೆ ಅದೂ ಬರುತ್ತಿರಲಿಲ್ಲ.

ಅವರು ಹೋಗಿ ಏಳು ವರ್ಷ. ಇನ್ನೊಂದು ಗುಟ್ಟು ಹೇಳುತ್ತೇನೆ, ಇಲ್ಲಿ ಯಾರಿಗೂ ನಾನು ಯಾರು ಅಂತ ಗೊತ್ತಿಲ್ಲವಲ್ಲ. ಬೆಳಗಿನ ವಾಕಿಂಗಿನಲ್ಲಿ ಒಬ್ಬರು ಇದ್ದಾರೆ. ಉದ್ದ ಕಾಲು, ಜೋರು ನಡಿಗೆ. ನನಗೆ ಮಂಡಿನೋವು. ಒಂದು ತಿಂಗಳಿಂದ ಅವರು ನಿಧಾನಕ್ಕೆ ನಡೆಯುತ್ತಿದ್ದಾರೆ. ನಾನು ಕೇಳಿಲ್ಲ, ಅವರು ಹೇಳಿಲ್ಲ. ಹಿಂದಿನ ರಾತ್ರಿಯೇ ಯಾವ ಸೀರೆ ಅಂತ ಯೋಚಿಸಿಡುತ್ತೇನೆ. ಮಗನಿಗೆ ತಿಳಿದರೆ ಏನಂತಾನೋ. ಅವನಿಗೆ ಎರಡನೇ ಮದುವೆ ಮಾಡಿಸಿದ್ದು ನಾನೇ, ಆಗ ಅವನಿಗೆ ಏನೂ ಅನ್ನಿಸಿರಲಿಲ್ಲ. ಸೀರೆ ಬಣ್ಣ ಯೋಚಿಸೋ ವಯಸ್ಸು ಮುಗಿದೇ ಹೋಯ್ತು ಅಂತ ನಾನೂ ಅಂದುಕೊಂಡಿದ್ದೆ.


ಗುಬ್ಬಚ್ಚಿ | ರಾತ್ರಿ 11:31

ಅಮ್ಮಾ!!! ನಾಳೆ ಯಾವ ಬಣ್ಣ?


ಬಿಸಿಲುಕೋಲು | ರಾತ್ರಿ 11:40

ಅಮ್ಮ, ನನ್ನ ಮಾತು ವಾಪಸ್ ತಗೊಂಡೆ. ಪೂರ್ತಿ ಅಲ್ಲ, ಮುಕ್ಕಾಲು.


ಕೊಡೆಹಿಡಿದವಳು | ಬೆಳಗ್ಗೆ 5:10

ತಿಳಿಹಸಿರು.


(9 ದಿನಗಳ ನಂತರ)


ದಿಂಬಿನಡಿ | ರಾತ್ರಿ 10:34

ಎಲ್ಲರೂ ಇದ್ದೀರಾ? ಏನಾಯ್ತು ಅಂತ ಹೇಳೋಕೆ ಬಂದೆ.

ಪಟ್ಟಿ ಬರೆಯೋಣ ಅಂತ ಕೂತೆ. ಒಂದು ಸಾಲೂ ಬರಲಿಲ್ಲ. ಮೂರನೇ ರಾತ್ರಿ ಓದುತ್ತಿದ್ದಾಗ ಅವರು ಕತ್ತಲಲ್ಲಿ ಕೇಳಿದರು. "ಯಾರದು?" ಅಂತ. ಎದ್ದೇ ಇದ್ದರು. ನನಗೆ ಮೊದಲು ಅರ್ಥವೇ ಆಗಲಿಲ್ಲ. ಯಾರು ಯಾರದು ಅಂದೆ. "ದಿನಾ ರಾತ್ರಿ ಮಾತಾಡ್ತೀಯಲ್ಲ, ಅವರು" ಅಂದರು.

ಹೊದಿಕೆಯೊಳಗಿನ ಬೆಳಕು ಅವರಿಗೆ ಮೊದಲ ವಾರದಿಂದಲೇ ಕಾಣುತ್ತಿತ್ತಂತೆ. ಎಂಟು ತಿಂಗಳು. ಒಂದು ದಿನ ನಾನು ಅತ್ತಿದ್ದೂ ಕೇಳಿಸಿತ್ತಂತೆ. ಗೋಡೆ ಕಡೆ ತಿರುಗಿ ಮಲಗಿ, ಕೇಳಿದರೆ ಹೌದು ಅಂದುಬಿಡ್ತೀಯೇನೋ ಅಂತ ಕೇಳದೇ ಇದ್ದರಂತೆ. ನನಗೆ ಏನನ್ನಿಸಿತು ಅಂತ ಇಲ್ಲಿ ಬರೆಯೋಕೆ ಬರುತ್ತಿಲ್ಲ. ಯಾರಿಗೂ ಕಾಣುತ್ತಿಲ್ಲ ಅಂತ ನಾನು ಅಳುತ್ತಿದ್ದೆ. ಪಕ್ಕದಲ್ಲೇ ಒಬ್ಬರು ನೋಡುತ್ತಾ ಮಲಗಿದ್ದರು. ಸಿಟ್ಟೂ ಬಂತು. ಕೇಳಬಾರದಿತ್ತಾ?

ಮೊಬೈಲು ಕೈಗೆ ಕೊಟ್ಟೆ. ನಾಲ್ಕೈದು ನಿಮಿಷ ಓದಿದರು. ಆಮೇಲೆ, "ಇವನು ಕೆಲಸಕ್ಕೆ ಯಾವಾಗ ಹೋಗ್ತಾನೆ?" ಅಂದರು. ನೇರಮಾತು ಅವರೇ, ನೀವು ನೆನಪಾದಿರಿ.


ನೇರಮಾತು | ರಾತ್ರಿ 10:41

ಹ್ಹ. ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ.


ಗುಬ್ಬಚ್ಚಿ | ರಾತ್ರಿ 10:43

ಕನ್ನಡಕ? ಕನ್ನಡಕದ ವಿಷಯ ಹೇಳಿದ್ರಾ ಅಕ್ಕ?


ದಿಂಬಿನಡಿ | ರಾತ್ರಿ 10:58

ಇಲ್ಲ. ಆ ಕಂತು ಹಿಂದೆ ಆಗಿಹೋಗಿದೆ, ಅವರು ಅದನ್ನು ಓದಿಲ್ಲ. ಹೇಳಿದರೆ ನಾಳೆಯೇ ಒರೆಸುತ್ತಾರೆ, ಗೊತ್ತು. ಕೊಡೆ ಅಮ್ಮ ಬೈಯಬಹುದು, ಆದರೂ ಅದೊಂದನ್ನು ಹೇಳೋದಿಲ್ಲ ಅಂತ ಇಟ್ಟುಕೊಂಡಿದ್ದೇನೆ. ಬೇರೆ ಮೂರು ಹೇಳಿದ್ದೇನೆ.

ಈಗ ರಾತ್ರಿ ನಾನು ಓದಿ ಹೇಳುತ್ತೇನೆ, ಅವರು ಕೇಳುತ್ತಾರೆ. ಎರಡನೇ ಪುಟಕ್ಕೆ ಗೊರಕೆ. ಬೆಳಗ್ಗೆ ಹಲ್ಲುಜ್ಜುತ್ತಾ ಬಾಯಿ ತುಂಬ ನೊರೆ ಇಟ್ಟುಕೊಂಡು "ಮುಂದೇನಾಯ್ತು?" ಅಂತಾರೆ. ಹೋಗ್ತೀನಿ, ಇವತ್ತಿನ ಕಂತು ಬಂದಿದೆ.